ಹಳೆಯ ಗಾಡಿಯೂ ಹೊಸ ಕೈಯೂ

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಅಡಿಕೆ ತೋಟದ ಮನೆಗಳನ್ನು ಬಲ್ಲ ವಾಚಕರಿಗೆ ಒಂದು ದೃಶ್ಯವು ಪರಿಚಿತವಾಗಿಯೇ ಇರುವುದು. ಅಂಗಳದ ಆಚೆ, ಹಟ್ಟಿಯ ಮಗ್ಗುಲಲ್ಲಿ, ತಗಡಿನ ಮಾಡಿನ ಕೆಳಗೆ ಹಳೆಯ ಜೀಪೊಂದು ನಿಂತಿರುವುದು. ಅಜ್ಜನ ಕಾಲದಲ್ಲಿ ಅದು ಗೊಬ್ಬರವನ್ನು ಹೊತ್ತಿತು. ಅಡಿಕೆಯ ಮೂಟೆಗಳನ್ನು ಪೇಟೆಗೆ ಮುಟ್ಟಿಸಿತು. ಮಳೆಗಾಲದ ನಡುರಾತ್ರಿಯಲ್ಲಿ ಬೇನೆ ಬಂದ ಗರ್ಭಿಣಿಯರನ್ನು ಆಸ್ಪತ್ರೆಗೆ ತಲಪಿಸಿತು. ಈಗ ಮನೆಗೆ ಕಾರು ಬಂದಿರುವುದರಿಂದ ಅದಕ್ಕೆ ಕೆಲಸವಿಲ್ಲ. ತಂದೆಯು ಅದನ್ನು ಗುಜರಿಗೆ ಕೊಡೋಣವೆನ್ನುವನು. ಮಗನು ತನಗೆ ಬಿಟ್ಟುಕೊಟ್ಟರೆ ಅದನ್ನು ತನ್ನದೇ ರೀತಿಯಲ್ಲಿ ಹೊಸತಾಗಿ ಕಟ್ಟುವೆನೆನ್ನುವನು.

ಇಲ್ಲಿ ನಾವು ವಿಚಾರಿಸಬೇಕಾದುದು ಮಗನ ಬಾಯಿಂದ ಬಂದ ಆ ‘ತನ್ನದೇ ರೀತಿ’ ಎಂಬ ಮಾತನ್ನು. ಅನ್ಯರು ಕಟ್ಟಿದ ಗಾಡಿಯನ್ನು ಕಳಚಿ ಪುನಃ ಕಟ್ಟುವವನಲ್ಲಿ ಸ್ವಂತಿಕೆಯು ಎಲ್ಲಿಂದ ಬರುವುದು? ಹಳೆಯ ಪದ್ಧತಿಯನ್ನು ಅನುಸರಿಸಿದರೆ ಅದು ಅನುಕರಣವಾಗದೆ? ಪದ್ಧತಿಯನ್ನು ಬಿಟ್ಟರೆ ಅದು ಕೇವಲ ಚಪಲವಾಗದೆ? ಈ ಪ್ರಶ್ನೆಯನ್ನು ನಮಗಿಂತ ಮೊದಲೇ, ನಮಗಿಂತ ಹೆಚ್ಚು ಗದ್ದಲದಿಂದ ಚರ್ಚಿಸಿದವರು ಅಮೆರಿಕದ ಯಂತ್ರಪ್ರಿಯರು. ಆದಕಾರಣ ಅವರ ಕಥೆಯನ್ನು ಮೊದಲು ಹೇಳಿ, ಅನಂತರ ನಮ್ಮ ಊರಿಗೆ ಮರಳುವೆವು.

ಅಮೆರಿಕದಲ್ಲಿ ‘ಹಾಟ್ ರಾಡ್’ ಎಂದು ಕರೆಯುವ ಒಂದು ಬಗೆಯ ಗಾಡಿಯುಂಟು. ಹಳೆಯ, ಅಗ್ಗದ ಮೋಟಾರನ್ನು ತೆಗೆದುಕೊಂಡು, ಅದರ ಭಾರವನ್ನು ಇಳಿಸಿ, ಎಂಜಿನಿನ ಬಲವನ್ನು ಏರಿಸಿ, ವೇಗಕ್ಕಾಗಿ ಪುನಃ ಕಟ್ಟಿದುದೇ ಹಾಟ್ ರಾಡ್. ಹೆನ್ರಿ ಫೋರ್ಡನ ಕಾರ್ಖಾನೆಯು 1908ರಿಂದ 1927ರ ವರೆಗೆ ‘ಮಾಡೆಲ್ ಟಿ’ ಎಂಬ ಗಾಡಿಯನ್ನು ಒಂದೂವರೆ ಕೋಟಿಗೂ ಮಿಕ್ಕಿ ತಯಾರಿಸಿತು. ಹೀಗಾಗಿ ಆ ದೇಶದಲ್ಲಿ ಹಳೆಯ ಫೋರ್ಡ್ ಗಾಡಿಗಳು ಬಡವನ ಕೈಗೂ ಎಟುಕುವಂತಾದುವು. 1932ರಲ್ಲಿ ಅದೇ ಕಾರ್ಖಾನೆಯು ಎಂಟು ಸಿಲಿಂಡರುಗಳನ್ನು ಒಂದೇ ಎರಕದಲ್ಲಿ ಹೊಯ್ದ ‘ವಿ-8’ ಎಂಜಿನನ್ನು ಸಾಮಾನ್ಯ ಬೆಲೆಯ ಕಾರಿನಲ್ಲಿ ಇರಿಸಿತು. ಅದರ ಬಲವು 65 ಅಶ್ವಶಕ್ತಿ. ಅದುವರೆಗೆ ಧನಿಕರಿಗೆ ಮಾತ್ರ ದೊರೆಯುತ್ತಿದ್ದ ಎಂಟು ಸಿಲಿಂಡರಿನ ಓಟವು ಆ ಬಳಿಕ ಗ್ಯಾರೇಜಿನ ಹುಡುಗನಿಗೂ ದಕ್ಕಿತು.

ಆ ಹುಡುಗರು ಮಾಡಿದ ಕೆಲಸವು ಸರಳವಾದುದು. ಗಾಡಿಯ ಮಡ್‌ಗಾರ್ಡುಗಳನ್ನು ಕಳಚಿದರು, ಹಗುರವಾಯಿತು. ಮೇಲ್ಮಾಡಿನ ಕಂಬಗಳನ್ನು ಕೆಲವು ಅಂಗುಲ ಕತ್ತರಿಸಿ ತಗ್ಗಿಸಿದರು. ಗಾಳಿಯ ತಡೆ ಕಡಮೆಯಾಯಿತು. ಮುಂದಣ ಅಚ್ಚನ್ನು ಬಗ್ಗಿಸಿ ಮೂತಿಯನ್ನು ಕೆಳಗಿಳಿಸಿದರು. ಒಂದು ಕಾರ್ಬ್ಯುರೇಟರಿದ್ದಲ್ಲಿ ಎರಡನ್ನು ಇಟ್ಟರು. ಕ್ಯಾಲಿಫೋರ್ನಿಯದ ದಕ್ಷಿಣ ಭಾಗದಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಸರೋವರಗಳ ನೆಲವು ಹಪ್ಪಳದಂತೆ ಚಪ್ಪಟೆಯಾಗಿರುವುದು. ಅಲ್ಲಿ ಅವರು ಗಾಡಿಗಳನ್ನು ಓಡಿಸಿ ವೇಗವನ್ನು ಅಳೆದರು. ಈ ಅಳತೆಯನ್ನು ಕ್ರಮಬದ್ಧಗೊಳಿಸಲು 1937ರಲ್ಲಿ ಒಂದು ಸಂಘವೇ ಹುಟ್ಟಿತು. ಎರಡನೆಯ ಮಹಾಯುದ್ಧವು ಮುಗಿದಾಗ ಸೈನ್ಯದಲ್ಲಿ ಯಂತ್ರವಿದ್ಯೆಯನ್ನು ಕಲಿತ ತರುಣರು ಮನೆಗೆ ಮರಳಿ ಈ ಹವ್ಯಾಸಕ್ಕೆ ಕೈ ಕೂಡಿಸಿದರು. 1948ರ ಜನವರಿಯಲ್ಲಿ ಇದಕ್ಕೆಂದೇ ಒಂದು ಮಾಸಪತ್ರಿಕೆಯು ಹೊರಟಿತು.

ಇಲ್ಲಿ ವಾಚಕರು ಗಮನಿಸಬೇಕಾದ ಸಂಗತಿಯೊಂದುಂಟು. ಈ ಬದಲಾವಣೆಗಳಲ್ಲಿ ಯಾವುದೂ ಮೊದಲು ಚೆಂದಕ್ಕಾಗಿ ಹುಟ್ಟಿದುದಲ್ಲ. ಒಂದೊಂದಕ್ಕೂ ಒಂದೊಂದು ಕಾರಣವಿತ್ತು. ಚೆಂದವು ಕಾರಣದ ಬೆನ್ನ ಹಿಂದೆ ತಾನಾಗಿ ಬಂದಿತು. ಮೇಲಾಗಿ, ಗುಜರಿಯ ಅಂಗಳದಲ್ಲಿ ಆ ದಿನ ಏನು ದೊರೆಯಿತೋ ಅದನ್ನೇ ಜೋಡಿಸಬೇಕಾಗಿದ್ದುದರಿಂದ ಒಬ್ಬನ ಗಾಡಿಯು ಇನ್ನೊಬ್ಬನದರಂತೆ ಇರುವುದು ಸಾಧ್ಯವೇ ಇರಲಿಲ್ಲ. 1950ರಲ್ಲಿ ಓಕ್ಲೆಂಡ್ ನಗರದ ಪ್ರದರ್ಶನದಲ್ಲಿ ಅತ್ಯಂತ ಸುಂದರವೆಂದು ಪ್ರಥಮ ಬಹುಮಾನ ಪಡೆದ ಬಿಲ್ ನೀಕ್ಯಾಂಪನ ಗಾಡಿಯು 1929ರ ಫೋರ್ಡಿನ ಒಡಲನ್ನು ಎಸೆಕ್ಸ್ ಎಂಬ ಬೇರೆ ಕಂಪೆನಿಯ ಚಾಸಿಸಿನ ಮೇಲೆ ಕೂರಿಸಿ ಕಟ್ಟಿದುದಾಗಿತ್ತು. ಅದು ಪ್ರದರ್ಶನದಲ್ಲಿ ನಿಂತುಕೊಂಡೇ ಉಳಿಯಲಿಲ್ಲ. ಅನಂತರ ಒಣಕೆರೆಯ ಮೇಲೆ ಓಡಿಯೂ ತೋರಿಸಿತು.

ಕಾಲವು ಬದಲಾಯಿತು. 1955ರಲ್ಲಿ ಷೆವ್ರೊಲೆ ಕಂಪೆನಿಯ ಹೊಸ ಎಂಜಿನು ಬಂದ ಮೇಲೆ ಫೋರ್ಡಿನ ಹಳೆಯ ವಿ-8 ಹಿಂದೆ ಬಿದ್ದಿತು. ಮುಂದೆ ಹಳೆಯ ಗಾಡಿಗಳೇ ವಿರಳವಾಗಿ, ಅವುಗಳ ಒಡಲನ್ನು ಫೈಬರಿನಲ್ಲಿಯೂ ತಗಡಿನಲ್ಲಿಯೂ ಹೊಸತಾಗಿ ಅಚ್ಚೊತ್ತಿ ಮಾರುವ ಕಾರ್ಖಾನೆಗಳು ಹುಟ್ಟಿದುವು. ಪಟ್ಟಿಯನ್ನು ನೋಡಿ, ಹಣವನ್ನು ಕಳುಹಿಸಿ, ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಜೋಡಿಸಿದರೆ ಹಾಟ್ ರಾಡ್ ಸಿದ್ಧವಾಗತೊಡಗಿತು. ಆಗ ಕೆಲವರು ಎಚ್ಚತ್ತು, ‘ಇದಲ್ಲ ನಮ್ಮ ವಿದ್ಯೆ, 1960ರ ದಶಕದ ನಡುಗಾಲದ ವರೆಗೆ ಇದ್ದ ಭಾಗಗಳಿಂದಲೂ ಅಂದಿನ ಕ್ರಮದಿಂದಲೂ ಕಟ್ಟಿದುದೇ ನಿಜವಾದುದು’ ಎಂದರು. ಇವರದು ಸಾಂಪ್ರದಾಯಿಕ ಹಾಟ್ ರಾಡ್. ಆದರೆ ಈ ಶುದ್ಧಿವಾದಿಗಳಿಗೂ ಒಂದು ತೊಡಕು ಕಾದಿತ್ತು. ಹಳೆಯ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಅದೇ ಬಣ್ಣ, ಅದೇ ಗಾಲಿ, ಅದೇ ದೀಪಗಳನ್ನು ಹುಡುಕಿ ಹುಡುಕಿ ಕಟ್ಟುವಾಗ, ಸಂಪ್ರದಾಯದ ಹೆಸರಿನಲ್ಲಿ ಹತ್ತು ಗಾಡಿಗಳೂ ಒಂದೇ ತಾಯ ಮಕ್ಕಳಂತಲ್ಲ, ಒಂದೇ ಅಚ್ಚಿನ ಇಟ್ಟಿಗೆಗಳಂತಾದುವು. ಯಾರಿಗೂ ತಲೆಬಾಗದ ತರುಣರು ತೊಡಗಿಸಿದ ಕಲೆಯಲ್ಲಿ, ‘ಹೀಗೆಯೇ ಕಟ್ಟಬೇಕು’ ಎಂಬ ಶಾಸನವು ತಲೆಯೆತ್ತಿತು.

ಈ ತೊಡಕನ್ನು ಬಿಡಿಸಲು ನಮಗೆ ನೆನಪಾಗುವವನು ಯಂತ್ರಶಾಸ್ತ್ರಜ್ಞನಲ್ಲ, ಕಾಶ್ಮೀರದ ಆಲಂಕಾರಿಕನಾದ ಆನಂದವರ್ಧನ. ಒಂಬತ್ತನೆಯ ಶತಮಾನದಲ್ಲಿದ್ದ ಆತನು ತನ್ನ ಧ್ವನ್ಯಾಲೋಕದ ಕೊನೆಯ ಭಾಗದಲ್ಲಿ, ಒಬ್ಬ ಕವಿಯ ಮಾತು ಇನ್ನೊಬ್ಬನ ಮಾತನ್ನು ಹೋಲುವುದು ದೋಷವೇ ಎಂಬ ಪ್ರಶ್ನೆಯನ್ನೆತ್ತಿ, ಹೋಲಿಕೆಯನ್ನು ಮೂರು ವಿಧವಾಗಿ ವಿಂಗಡಿಸುತ್ತಾನೆ. ಮೊದಲನೆಯದು ಕನ್ನಡಿಯೊಳಗಣ ಪ್ರತಿಬಿಂಬದಂತಹುದು. ಅದಕ್ಕೆ ತನ್ನದೆಂಬ ಜೀವವೇ ಇಲ್ಲ. ಎರಡನೆಯದು ಬರೆದ ಚಿತ್ರದಂತಹುದು. ಅದಕ್ಕೆ ತನ್ನದೆಂಬುದು ಸ್ವಲ್ಪ ಇದ್ದರೂ ತೀರ ತುಚ್ಛವಾದುದು. ಮೂರನೆಯದು ಒಬ್ಬ ಮನುಷ್ಯನು ಇನ್ನೊಬ್ಬ ಮನುಷ್ಯನನ್ನು ಹೋಲುವಂತಹುದು. ಮೈಕಟ್ಟು ಸಮಾನವಾದರೂ ಒಬ್ಬೊಬ್ಬನಿಗೂ ಅವನವನ ಆತ್ಮವುಂಟು. ಮೊದಲೆರಡನ್ನು ಕವಿಯು ಬಿಡಬೇಕು, ಮೂರನೆಯದಕ್ಕೆ ಅಂಜಬೇಕಾಗಿಲ್ಲ.

ಈ ವಿಂಗಡಣೆಯನ್ನು ಗಾಡಿಗಳಿಗೆ ಹಚ್ಚಿ ನೋಡೋಣ. ಪ್ರಸಿದ್ಧವಾದ ಒಂದು ಗಾಡಿಯನ್ನು ಮೊಳೆಮೊಳೆಗೂ ನಕಲು ಮಾಡಿದುದು ಪ್ರತಿಬಿಂಬ. ಕೈಗೆ ಬಂದ ಪಟ್ಟಿಯನ್ನೂ ಚಿತ್ರವನ್ನೂ ನೋಡಿ ಅಲ್ಲಿಂದೊಂದು ಇಲ್ಲಿಂದೊಂದು ಕೂಡಿಸಿದುದು ಆಲೇಖ್ಯ. ಹಿಂದಿನವರು ಯಾವ ಕಾರಣದಿಂದ ಏನು ಮಾಡಿದರೆಂಬುದನ್ನು ಅರಿತು, ತನ್ನ ಅಗತ್ಯಕ್ಕೂ ತನ್ನ ಕೈಯಲ್ಲಿರುವ ಸಾಮಗ್ರಿಗೂ ಹೊಂದುವಂತೆ ಕಟ್ಟಿದುದು ತುಲ್ಯದೇಹಿ. ಅದು ಹಿರಿಯ ಗಾಡಿಗಳನ್ನು ಹೋಲಿಯೇ ಹೋಲುವುದು, ತಂದೆಯನ್ನು ಮಗನು ಹೋಲುವಂತೆ. ಆದರೆ ಕೂಗಿದರೆ ಓಗೊಡುವವನು ಮಗನೇ ಹೊರತು ತಂದೆಯಲ್ಲ.

ಇನ್ನು ನಮ್ಮ ಊರಿಗೆ ಬರೋಣ. ನಮ್ಮ ಕಡೆಯಲ್ಲಿ ವೇಗಕ್ಕೆ ಒಣಕೆರೆಗಳಿಲ್ಲ. ಇರುವುದು ಏರು, ಇಳಿತ, ತಿರುವು, ಕೆಸರು, ತೋಡು. ಆದುದರಿಂದ ನಮ್ಮವರು ಕೈಯಿಟ್ಟುದು ಜೀಪಿಗೆ. ಎರಡನೆಯ ಮಹಾಯುದ್ಧದಲ್ಲಿ ವಿಲ್ಲಿಸ್ ಕಂಪೆನಿಯೂ ಅದೇ ನಕ್ಷೆಯಂತೆ ಫೋರ್ಡ್ ಕಂಪೆನಿಯೂ ಒಟ್ಟು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದುವು. ನಾಲ್ಕು ಸಿಲಿಂಡರು, 60 ಅಶ್ವಶಕ್ತಿ, ಮುಂದಣ ಹಿಂದಣ ಅಚ್ಚುಗಳ ನಡುವೆ 80 ಅಂಗುಲ, ನಾಲ್ಕು ಗಾಲಿಗಳಿಗೂ ಬಲ: ಇದು ಅದರ ಲಕ್ಷಣ. ಸ್ವಾತಂತ್ರ್ಯದ ಕಾಲಕ್ಕೆ, 1945ರಲ್ಲಿ ಉಕ್ಕಿನ ವ್ಯಾಪಾರದಿಂದ ತೊಡಗಿದ್ದ ಮಹೀಂದ್ರ ಸಂಸ್ಥೆಯು ಬೊಂಬಾಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿ, ಮುಂದೆ ತಾನೇ ತಯಾರಿಸಿತು. ಸೈನಿಕನಿಗಾಗಿ ಹುಟ್ಟಿದ ಗಾಡಿಯು ಹೀಗೆ ಕೃಷಿಕನ ಮನೆಯ ಸದಸ್ಯನಾಯಿತು.

ಆದರೆ ಕಾರ್ಖಾನೆಯಿಂದ ಬಂದ ರೂಪದಲ್ಲಿಯೇ ಅದು ಇಲ್ಲಿ ಉಳಿಯಲಿಲ್ಲ. ಪೆಟ್ರೋಲಿನ ವೆಚ್ಚವನ್ನು ತಾಳಲಾರದೆ ಅನೇಕರು ಹಳೆಯ ಎಂಜಿನನ್ನು ಇಳಿಸಿ ಡೀಸೆಲ್ ಎಂಜಿನನ್ನು ಏರಿಸಿದರು. ಸಂಸಾರವೂ ಸಾಮಾನೂ ಹಿಡಿಯುವಂತೆ ಹಿಂಬದಿಯನ್ನು ಉದ್ದ ಮಾಡಿದರು. ನಮ್ಮ ಮಳೆಗೆ ಕ್ಯಾನ್ವಾಸಿನ ಮಾಡು ಸಾಲದೆಂದು ತಗಡಿನ ಮಾಡನ್ನು ಕಟ್ಟಿದರು. ಅದರ ಮೇಲೆ ಬಾಳೆಗೊನೆ, ಹುಲ್ಲು, ಹಗ್ಗಕ್ಕೆ ಸ್ಥಳವಾಗುವಂತೆ ಕಬ್ಬಿಣದ ಕ್ಯಾರಿಯರನ್ನು ಕೂರಿಸಿದರು. ಬಸ್ಸು ಹೋಗದ ಹಳ್ಳಿಗಳಿಗೆ ಬಾಡಿಗೆಗೆ ಓಡುವ ಜೀಪುಗಳಲ್ಲಿ ಹಿಂದೆ ನಿಲ್ಲಲು ಮೆಟ್ಟಿಲು, ಹಿಡಿಯಲು ಸರಳು. ಕ್ಯಾಲಿಫೋರ್ನಿಯದ ಹುಡುಗನು ವೇಗಕ್ಕಾಗಿ ಭಾರವನ್ನಿಳಿಸಿದರೆ, ಸುಳ್ಯದ ಮೆಕ್ಯಾನಿಕನು ಮನೆಮಂದಿಗಾಗಿ ಭಾರವನ್ನು ಹೆಚ್ಚಿಸಿದನು. ಕೆಲಸವು ವಿರುದ್ಧ, ವಿದ್ಯೆಯು ಒಂದೇ.

ಪುತ್ತೂರಿನ ಸಮೀಪದಲ್ಲಿ ಗ್ಯಾರೇಜು ನಡೆಸುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನನ್ನು ಈ ವಿಷಯವಾಗಿ ಕೇಳಿದೆವು. ಆತನೆಂದನು: “ಮಾಷ್ಟ್ರೇ, ಜೀಪು ಹಿಡಿದುಕೊಂಡು ಬಂದವರಲ್ಲಿ ನಾನು ಮೊದಲು ಕೇಳುವುದು ಒಂದೇ ಮಾತು. ಇದು ಯಾವ ದಾರಿಯಲ್ಲಿ ಓಡಬೇಕು? ಮೊದಲಿನವರು ನಮ್ಮ ಮನೆಯ ಗುಡ್ಡೆ ಹತ್ತಬೇಕು ಅಂತಿದ್ದರು. ಈಗಿನ ಹುಡುಗರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ ಹೀಗೇ ಆಗಬೇಕು ಅಂತಾರೆ. ದಾರಿ ಹೇಳಿದವನ ಜೀಪನ್ನು ದೂರದಿಂದ ಶಬ್ದ ಕೇಳಿಯೇ ಗುರುತಿಸುತ್ತೇನೆ. ಚಿತ್ರ ತೋರಿಸಿದವರ ಜೀಪು ಎಲ್ಲ ಒಂದೇ. ಯಾರದು ಯಾವುದೆಂದು ನಂಬರ್ ಓದಿಯೇ ಹೇಳಬೇಕು.” ಅಲಂಕಾರಶಾಸ್ತ್ರದ ಸಂವಾದಪ್ರಕರಣವನ್ನು ಇಷ್ಟು ಸ್ಪಷ್ಟವಾಗಿ ನಾವು ತರಗತಿಯಲ್ಲಿ ಎಂದೂ ಹೇಳಿರಲಿಲ್ಲ.

ಸಂಪ್ರದಾಯವನ್ನು ಅರಿತವನಿಗೇ ಅದನ್ನು ಮಾರ್ಪಡಿಸುವ ಹಕ್ಕೆಂಬುದಕ್ಕೆ ಪುತ್ತೂರಿನವರಾದ ನಮಗೆ ಬೇರೊಂದು ಉದಾಹರಣೆಯೂ ಉಂಟು. ಇಲ್ಲಿನ ಬಾಲವನದಲ್ಲಿ ದಶಕಗಳ ಕಾಲ ನೆಲಸಿದ್ದ ಡಾ. ಶಿವರಾಮ ಕಾರಂತರು (1902–1997) ಯಕ್ಷಗಾನದಲ್ಲಿ ಪ್ರಯೋಗಗಳನ್ನು ಮಾಡಿದರು. ರಾತ್ರಿಯಿಡೀ ನಡೆಯುವ ಆಟವನ್ನು ಸಂಕ್ಷೇಪಿಸಿದರು, ಮಾತನ್ನು ಬಿಟ್ಟರು, ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ಸೇರಿಸಿದರು. ಇದನ್ನು ಮೆಚ್ಚದವರೂ ಇದ್ದರು. ಆದರೆ ಹೀಗೆ ಕೈಯಿಡುವ ಮೊದಲು ಅವರು ಬಯಲಾಟದ ಹಾಡು, ಕುಣಿತ, ವೇಷಗಳನ್ನು ವರ್ಷಗಟ್ಟಲೆ ಅಭ್ಯಸಿಸಿ ಗ್ರಂಥವನ್ನೇ ಬರೆದಿದ್ದರು. ಒಪ್ಪುವುದೂ ಬಿಡುವುದೂ ಆ ಬಳಿಕದ ಮಾತು.

ಇಷ್ಟು ಹೇಳಿದ ಮೇಲೆ ಗೃಹಸ್ಥರಿಗೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ಕರ್ತವ್ಯಲೋಪವಾದೀತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ತಯಾರಕನು ಮೊದಲು ನಿರ್ದೇಶಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ಯಾವ ಒಡೆಯನೂ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ದೃಢಪಡಿಸಿತು. ಎಂಜಿನನ್ನು ಬದಲಿಸಬೇಕಾದರೆ ನೋಂದಣಿ ಅಧಿಕಾರಿಯ ಅನುಮತಿಯನ್ನು ಮೊದಲೇ ಪಡೆಯತಕ್ಕದ್ದು. ಆದುದರಿಂದ ಗರಗಸವು ಎದ್ದ ಮೇಲೆ ಸಾರಿಗೆ ಕಚೇರಿಗೆ ಹೋಗುವುದಲ್ಲ. ಕಚೇರಿಗೆ ಹೋಗಿ ಬಂದ ಮೇಲೆ ಗರಗಸವು ಏಳಬೇಕು. ಇದು ಸ್ವಂತಿಕೆಗೆ ಅಡ್ಡಿಯೆಂದು ತರುಣರು ಗೊಣಗಬಹುದು. ಛಂದಸ್ಸು ಕವಿಗೆ ಅಡ್ಡಿಯಾಯಿತೆ? ಮಾತ್ರೆಗಳ ಲೆಕ್ಕದೊಳಗೆಯೇ ಒಬ್ಬೊಬ್ಬ ಕವಿಯ ದನಿಯೂ ಬೇರೆ ಬೇರೆಯಾಗಿ ಕೇಳಿಸುವುದಿಲ್ಲವೆ? ಬ್ರೇಕು, ಸ್ಟಿಯರಿಂಗು, ಸ್ಪ್ರಿಂಗ್ ಪ್ಲೇಟುಗಳನ್ನು ಹೊಸತಾಗಿಸಿ, ಹಳೆಯ ಎಂಜಿನನ್ನೇ ಬಿಚ್ಚಿ ಶುದ್ಧಗೊಳಿಸಿ, ತುಕ್ಕು ತಿಂದ ತಗಡನ್ನು ಕೈಯಿಂದ ಬಡಿದು ಸರಿಪಡಿಸುವುದರಲ್ಲಿ ಕಾಯಿದೆಯ ಭಂಗವಿಲ್ಲ. ಕೈಯ ಗುರುತಂತೂ ಧಾರಾಳವಾಗಿ ಮೂಡುವುದು.

ಕೊನೆಯದಾಗಿ, ಮಗನ ಕೈಗೆ ಜೀಪನ್ನು ಒಪ್ಪಿಸುವ ತಂದೆತಾಯಂದಿರಲ್ಲಿ ನಮ್ಮ ಸೂಚನೆಗಳು ಎರಡೇ. ಮೊದಲನೆಯದು, ಒಂದು ವರ್ಷ ಅವನು ಅದನ್ನು ಇದ್ದಂತೆಯೇ ಓಡಿಸಲಿ. ಯಾವ ಏರಿನಲ್ಲಿ ಅದು ದಣಿಯುವುದು, ಯಾವ ತಿರುವಿನಲ್ಲಿ ವಾಲುವುದು, ಮಳೆಯು ಯಾವ ಸಂದಿನಿಂದ ಒಳಗೆ ಬರುವುದು ಎಂಬುದನ್ನು ಮೈಯಿಂದ ತಿಳಿಯಲಿ. ಹಾಗೆ ತಿಳಿದವನು ಮಾಡುವ ಬದಲಾವಣೆಗೆ ಕಾರಣವಿರುವುದು. ಕಾರಣವಿರುವಲ್ಲಿ ಸ್ವಂತಿಕೆಯನ್ನು ಬೇರೆಯಾಗಿ ಹುಡುಕಬೇಕಾಗದು. ಎರಡನೆಯದು, ಒಂದು ಪುಸ್ತಕವನ್ನು ಇಡಲಿ. ಗಾಡಿಯು ಮನೆಗೆ ಬಂದ ವರ್ಷ, ಅಜ್ಜನು ಮಾಡಿಸಿದ ಕೆಲಸ, ತಾನು ತೆಗೆದ ಭಾಗ, ಅದರ ಬದಲು ಇಟ್ಟುದು, ಏಕೆ ಇಟ್ಟೆನೆಂಬುದು, ಇವೆಲ್ಲವನ್ನೂ ದಿನಾಂಕಸಹಿತ ಬರೆಯಲಿ. ಕಳಚಿದ ಹಳೆಯ ಭಾಗಗಳನ್ನು ಎಣ್ಣೆ ಸವರಿ ಅಟ್ಟದಲ್ಲಿ ಇರಿಸಲಿ. ಮುಂದೆ ಆ ಗಾಡಿಯನ್ನು ಬಿಚ್ಚುವ ಕೈಯು ಯಾರದೇ ಆಗಲಿ, ತನಗಿಂತ ಹಿಂದೆ ಇಲ್ಲಿ ದುಡಿದವನು ಏನನ್ನು ಯೋಚಿಸಿದ್ದನೆಂದು ಅದಕ್ಕೆ ತಿಳಿಯಬೇಕು. ತಿಳಿದ ಮೇಲೆ ಅದನ್ನು ಒಪ್ಪುವ ಅಥವಾ ಬದಲಿಸುವ ಸ್ವಾತಂತ್ರ್ಯವು ಅವನಿಗೂ ಇರಲಿ.