ವಿದ್ಯುತ್ತಿನ ಏರಿಳಿತವೂ ಮನೆಯ ಗಣಕಯಂತ್ರದ ಬ್ಯಾಟರಿಯೂ

ಮನೆಗೆ ವಿದ್ಯುತ್ತು ಬಂದಿದೆಯೆಂಬುದನ್ನು ದೀಪವೇ ತಿಳಿಸುತ್ತದೆ. ಬಂದ ವಿದ್ಯುತ್ತಿನ ಗುಣವೇನೆಂಬುದನ್ನು ಮಾತ್ರ ಅಳೆದೇ ತಿಳಿಯಬೇಕು. ಚಾಮರಾಜನಗರ ತಾಲ್ಲೂಕಿನ ಕುದೇರು ಮತ್ತು ಅದರ ನೆರೆಯ ಗ್ರಾಮಗಳಲ್ಲಿಯೂ, ಗುಂಡ್ಲುಪೇಟೆಯ ಕಡೆಯ ಊರುಗಳಲ್ಲಿಯೂ ಈಗ ಗಣಕಯಂತ್ರವು ಮನೆಯ ಸಾಮಾನುಗಳಲ್ಲೊಂದಾಗಿದೆ. ವಿದ್ಯಾರ್ಥಿಯು ವಿದ್ಯಾರ್ಥಿವೇತನದ ಅರ್ಜಿಯನ್ನು ಅದರಿಂದಲೇ ಕಳುಹಿಸುತ್ತಾನೆ. ಅಧ್ಯಾಪಕರು ಅಂಕಪಟ್ಟಿಯನ್ನು ಅದರಲ್ಲಿಯೇ ಸಿದ್ಧಪಡಿಸುತ್ತಾರೆ. ಅರ್ಜಿಯ ಕೊನೆಯ ದಿನ ಯಂತ್ರವು ನಡುವೆ ಆರಿಹೋದರೆ ಆಗುವ ನಷ್ಟವು ಯಂತ್ರದ ಬೆಲೆಗಿಂತ ದೊಡ್ಡದು. ಈ ಭಯದಿಂದಲೇ ಜನರು ಯು.ಪಿ.ಎಸ್. ಎಂಬ ಬ್ಯಾಟರಿ ಉಪಕರಣವನ್ನು ಕೊಳ್ಳುತ್ತಾರೆ.

ಆದರೆ ಈ ಉಪಕರಣದ ವಿಷಯದಲ್ಲಿ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಕರೆಂಟು ಹೋದೊಡನೆ ಅದು ಒಂದೆರಡು ಸಲ ಕೂಗಿ ಆರಿಹೋಗುತ್ತದೆ. ಬ್ಯಾಟರಿ ಕೆಟ್ಟಿತೆಂದು ಹೊಸದನ್ನು ಹಾಕಿಸುತ್ತಾರೆ. ಕೆಲವು ತಿಂಗಳುಗಳಲ್ಲಿ ಹಳೆಯ ದೂರೇ ಮರಳುತ್ತದೆ. ಇಂಥ ಸಂದರ್ಭಗಳಲ್ಲಿ ಬ್ಯಾಟರಿಯು ದೋಷವು ಕಾಣಿಸಿಕೊಳ್ಳುವ ಸ್ಥಳವೇ ಹೊರತು ಅನೇಕ ವೇಳೆ ದೋಷದ ಮೂಲವಲ್ಲ ಎಂಬುದನ್ನು ತೋರಿಸಿ, ಪರೀಕ್ಷೆಯನ್ನು ಯಾವ ಕ್ರಮದಲ್ಲಿ ನಡೆಸಬೇಕೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಒತ್ತಡವು ಏರಿಳಿಯಲು ಕಾರಣ

ತಂತಿಯು ಉದ್ದವಾದಷ್ಟೂ, ಅದರಲ್ಲಿ ಹರಿಯುವ ಪ್ರವಾಹವು ಹೆಚ್ಚಾದಷ್ಟೂ ಕೊನೆಯಲ್ಲಿ ದೊರೆಯುವ ಒತ್ತಡವು ಕಡಮೆಯಾಗುತ್ತದೆ. ಇದೇ ಜಿಲ್ಲೆಯ ಗಡಿಯಲ್ಲಿರುವ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 90 ಮೈಲಿ ದೂರ ವಿದ್ಯುತ್ತನ್ನು ಸಾಗಿಸಿದಾಗ ಅಧಿಕ ಒತ್ತಡದ ತಂತಿಗಳನ್ನು ಬಳಸಿದುದಕ್ಕೆ ಕಾರಣವೂ ಇದೇ. ಒತ್ತಡವನ್ನು ಹೆಚ್ಚಿಸಿದರೆ ಅಷ್ಟೇ ಶಕ್ತಿಯನ್ನು ಕಡಮೆ ಪ್ರವಾಹದಿಂದ ಸಾಗಿಸಬಹುದು. ನಷ್ಟವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ.

ಗ್ರಾಮದ ಟ್ರಾನ್ಸ್‌ಫಾರ್ಮರು 11,000 ವೋಲ್ಟ್ ಒತ್ತಡವನ್ನು 433 ವೋಲ್ಟಿಗೆ ಇಳಿಸುತ್ತದೆ. ಇದು ಎರಡು ಫೇಸುಗಳ ನಡುವಿನ ಒತ್ತಡ. ಒಂದು ಫೇಸಿಗೂ ನ್ಯೂಟ್ರಲ್ ತಂತಿಗೂ ನಡುವೆ ಸುಮಾರು 250 ವೋಲ್ಟ್ ದೊರೆಯುತ್ತದೆ. ಮನೆಗೆ ಸಲ್ಲಬೇಕಾದ ಒತ್ತಡವು 230 ವೋಲ್ಟ್. ಶೇಕಡಾ 10ರ ಏರಿಳಿತವನ್ನು ಒಪ್ಪಿದರೆ 207ರಿಂದ 253ರ ವರೆಗೆ ಇರಬಹುದು. ಟ್ರಾನ್ಸ್‌ಫಾರ್ಮರಿಗೆ ಹತ್ತಿರದ ಮನೆಗೆ ರಾತ್ರಿಯ ಹೊತ್ತು ಹೆಚ್ಚಿನ ಒತ್ತಡವೂ, ತಂತಿಯ ಕೊನೆಯ ಮನೆಗೆ ಪಂಪುಗಳು ನಡೆಯುವ ಹೊತ್ತು ಕಡಮೆ ಒತ್ತಡವೂ ಬರುವುದು ಸಹಜ.

ಕೊಳವೆಬಾವಿಗಳನ್ನು ನಂಬಿ ಅರಿಸಿನ, ಬಾಳೆ, ಕಬ್ಬು ಬೆಳೆಯುವ ಈ ಪ್ರದೇಶದಲ್ಲಿ ಪಂಪಿನ ಮೋಟಾರೇ ತಂತಿಯ ಮೇಲಿನ ದೊಡ್ಡ ಹೊರೆ. 5 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು ನಡೆಯುವಾಗ ಪ್ರತಿ ಫೇಸಿನಲ್ಲಿ ಸುಮಾರು ಏಳೂವರೆ ಆಂಪೇರ್ ಪ್ರವಾಹವನ್ನು ಎಳೆಯುತ್ತದೆ. ನೇರವಾಗಿ ಚಾಲೂ ಮಾಡಿದ ಕ್ಷಣದಲ್ಲಿ ಅದರ ಆರರಷ್ಟು, ಎಂದರೆ 45 ಆಂಪೇರ್. ತಂತಿಯ ಪರಿಣಾಮಕಾರಿ ಪ್ರತಿರೋಧವನ್ನು ಅರ್ಧ ಓಮ್ ಎಂದು ಇಟ್ಟುಕೊಂಡರೂ ಒಂದು ಮೋಟಾರು ಚಾಲೂ ಆದಾಗ 22 ವೋಲ್ಟಿನಷ್ಟು ಒತ್ತಡವು ಕುಸಿಯುತ್ತದೆ. ಮೂರು ಫೇಸಿನ ಸರಬರಾಜು ಮರಳಿ ಬಂದ ಕೂಡಲೆ ಆಟೋ ಸ್ಟಾರ್ಟರ್ ಇರುವ ಅನೇಕ ಪಂಪುಗಳು ಒಟ್ಟಿಗೇ ಚಾಲೂ ಆಗುವುದರಿಂದ ಕುಸಿತವು ಇನ್ನೂ ಹೆಚ್ಚು. ಪಂಪುಸೆಟ್ಟಿನ ಮಾರ್ಗವನ್ನೂ ಊರಿನ ಮನೆಗಳ ಮಾರ್ಗವನ್ನೂ ಬೇರ್ಪಡಿಸಿದ ‘ನಿರಂತರ ಜ್ಯೋತಿ’ ಯೋಜನೆಯಿಂದ ಈ ತೊಂದರೆ ಕಡಮೆಯಾಗುತ್ತದೆ. ಆದರೆ ತೋಟದ ಮನೆಯೂ ಪಂಪೂ ಒಂದೇ ಟ್ರಾನ್ಸ್‌ಫಾರ್ಮರನ್ನು ಅವಲಂಬಿಸಿರುವಲ್ಲಿ ಅದು ಉಳಿದೇ ಇರುತ್ತದೆ.

ಇದರಿಂದ ಪ್ರತ್ಯೇಕವಾಗಿ ಗಣಿಸಬೇಕಾದ ಇನ್ನೊಂದು ಸ್ಥಿತಿಯುಂಟು. ನ್ಯೂಟ್ರಲ್ ತಂತಿಯು ಕಂಬದಲ್ಲಿ ಸಡಿಲವಾದರೆ ಅಥವಾ ಕಡಿದರೆ ಹೊರೆ ಹೆಚ್ಚಿರುವ ಫೇಸಿನಲ್ಲಿ ಒತ್ತಡವು ಇಳಿದು, ಹೊರೆ ಕಡಮೆಯಿರುವ ಫೇಸಿನಲ್ಲಿ 300 ವೋಲ್ಟನ್ನೂ ಮೀರಬಹುದು. ಒಂದು ಮನೆಯಲ್ಲಿ ದೀಪಗಳು ಮಂಕಾಗಿ ಪಕ್ಕದ ಮನೆಯಲ್ಲಿ ಕಣ್ಣು ಕೋರೈಸುವಂತೆ ಉರಿದರೆ ಅದು ಇದರ ಲಕ್ಷಣ. ಆಗ ಪರೀಕ್ಷೆಗೆ ತೊಡಗದೆ ಮುಖ್ಯ ಸ್ವಿಚ್ಚನ್ನು ತಕ್ಷಣವೇ ಆರಿಸತಕ್ಕದ್ದು.

2. ಯು.ಪಿ.ಎಸ್. ಕೆಲಸಮಾಡುವ ಬಗೆ

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು 600 ವೋಲ್ಟ್-ಆಂಪೇರ್, 360 ವಾಟ್ ಸಾಮರ್ಥ್ಯದ, 12 ವೋಲ್ಟ್ 7 ಆಂಪೇರ್-ಗಂಟೆಯ ಮುಚ್ಚಿದ ಸೀಸದ ಬ್ಯಾಟರಿಯುಳ್ಳ ಉಪಕರಣ. ಅದರಲ್ಲಿ ನಾಲ್ಕು ಮುಖ್ಯ ಭಾಗಗಳಿವೆ: ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರು ಮತ್ತು ರಿಲೇಗಳು, ಬ್ಯಾಟರಿಯನ್ನು ತುಂಬುವ ಚಾರ್ಜರು, ಬ್ಯಾಟರಿ, ಮತ್ತು ಬ್ಯಾಟರಿಯ ವಿದ್ಯುತ್ತನ್ನು ಪರ್ಯಾಯ ಪ್ರವಾಹವಾಗಿ ಮಾರ್ಪಡಿಸುವ ಇನ್ವರ್ಟರು.

ಒತ್ತಡವು ಸ್ವಲ್ಪ ಇಳಿದಾಗ ರಿಲೇಯು ‘ಟಕ್’ ಎಂದು ಬೇರೆ ಮೆಟ್ಟಿಲಿಗೆ ಹೊರಳುತ್ತದೆ. ಈ ಹಂತದಲ್ಲಿ ಬ್ಯಾಟರಿಯು ಖರ್ಚಾಗುವುದಿಲ್ಲ. ಒತ್ತಡವು ಉಪಕರಣದ ಕೆಳಮಿತಿಗಿಂತ, ಸಾಮಾನ್ಯವಾಗಿ 140ರಿಂದ 160 ವೋಲ್ಟಿಗಿಂತ, ಕೆಳಗಿಳಿದಾಗ ಮಾತ್ರ ಇನ್ವರ್ಟರು ಕೆಲಸಕ್ಕೆ ತೊಡಗಿ ಎಚ್ಚರಿಕೆಯ ಕೂಗು ಕೇಳಿಸುತ್ತದೆ. ಆದುದರಿಂದ ಬರಿಯ ‘ಟಕ್’ ಸದ್ದನ್ನೂ, ಕೂಗಿನೊಡನೆ ಕೂಡಿದ ಸದ್ದನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಈ ಹೊರಳುವಿಕೆಗೆ ಸುಮಾರು 4ರಿಂದ 10 ಮಿಲಿಸೆಕೆಂಡು ಹಿಡಿಯುತ್ತದೆ. ಗಣಕಯಂತ್ರದೊಳಗಿನ ವಿದ್ಯುತ್ ಪೆಟ್ಟಿಗೆಯು ಪೂರ್ಣ ಹೊರೆಯಲ್ಲಿಯೂ ಸುಮಾರು 16 ಮಿಲಿಸೆಕೆಂಡು ತಾಳಿಕೊಳ್ಳುವಂತೆ ರಚಿತವಾಗಿರುವುದರಿಂದ ಯಂತ್ರವು ಆರಬಾರದು.

3. ಹೊಸ ಬ್ಯಾಟರಿಯೂ ಬರಿದಾಗುವ ಲೆಕ್ಕ

ತಂತಿಯ ಕೊನೆಯ ಮನೆಯೊಂದರಲ್ಲಿ ಪಂಪುಗಳ ಹೊತ್ತಿನಲ್ಲಿ ಒತ್ತಡವು 165 ವೋಲ್ಟ್ ಇದೆಯೆಂದೂ, ಯು.ಪಿ.ಎಸ್.ನ ಕೆಳಮಿತಿ 145 ಎಂದೂ ಭಾವಿಸೋಣ. ಒಂದು ಮೋಟಾರು ಚಾಲೂ ಆದೊಡನೆ ಒತ್ತಡವು 143ಕ್ಕೆ ಕುಸಿದು ಉಪಕರಣವು ಬ್ಯಾಟರಿಗೆ ಹೊರಳುತ್ತದೆ. ಒತ್ತಡವು ಮೇಲೆ ಬಂದರೂ ಕೆಲವು ಸೆಕೆಂಡು ಕಾದು ನೋಡಿಯೇ ತಂತಿಗೆ ಮರಳುತ್ತದೆ. ಒಂದೊಂದು ಸಲಕ್ಕೆ 10 ಸೆಕೆಂಡಿನಂತೆ ಗಂಟೆಗೆ 30 ಸಲ ಹೀಗಾದರೆ ಬ್ಯಾಟರಿಯು ಗಂಟೆಗೆ 300 ಸೆಕೆಂಡು ದುಡಿದಂತಾಯಿತು.

ಗಣಕಯಂತ್ರ ಮತ್ತು ಪರದೆಯ ಹೊರೆ 120 ವಾಟ್ ಆದರೆ, ಇನ್ವರ್ಟರಿನ ನಷ್ಟವನ್ನೂ ಸೇರಿಸಿ, ಬ್ಯಾಟರಿಯಿಂದ ಸುಮಾರು 12 ಆಂಪೇರ್ ಹೊರಡುತ್ತದೆ. 300 ಸೆಕೆಂಡಿಗೆ ಇದು 1 ಆಂಪೇರ್-ಗಂಟೆ. ಉಳಿದ 55 ನಿಮಿಷಗಳಲ್ಲಿ ಚಿಕ್ಕ ಚಾರ್ಜರು ತುಂಬಬಲ್ಲುದು ಸುಮಾರು 0.7 ಆಂಪೇರ್-ಗಂಟೆ ಮಾತ್ರ. ಎಂದರೆ ಗಂಟೆಗೆ 0.3ರಷ್ಟು ಕೊರತೆ, ಆರು ಗಂಟೆಗಳಿಗೆ 1.8.

ಏಳರಲ್ಲಿ 1.8 ಕಳೆದರೂ ಐದಕ್ಕಿಂತ ಹೆಚ್ಚು ಉಳಿಯಿತಲ್ಲ ಎಂದು ವಾಚಕರು ಕೇಳಬಹುದು. ಆದರೆ ಬ್ಯಾಟರಿಯ ಮೇಲೆ ಬರೆದಿರುವ 7 ಎಂಬ ಅಂಕೆಯು ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ, ಎಂದರೆ 0.35 ಆಂಪೇರಿನಂತೆ, ಖರ್ಚುಮಾಡಿದಾಗ ದೊರೆಯತಕ್ಕದ್ದು. ವೇಗವಾಗಿ ಎಳೆದಷ್ಟೂ ದೊರೆಯುವ ಒಟ್ಟು ಪರಿಮಾಣವು ಕಡಮೆಯಾಗುತ್ತದೆಂಬ ನಿಯಮವನ್ನು ಜರ್ಮನಿಯ ಪ್ಯೂಕರ್ಟ್ ಎಂಬ ವಿಜ್ಞಾನಿಯು 1897ರಲ್ಲಿಯೇ ನಿರೂಪಿಸಿದನು. 12 ಆಂಪೇರಿನ ವೇಗದಲ್ಲಿ ಹೊಸ ಬ್ಯಾಟರಿಯಿಂದಲೂ ಸುಮಾರು ಅರ್ಧದಷ್ಟೇ, ಎಂದರೆ 3.5 ಆಂಪೇರ್-ಗಂಟೆ, ದೊರೆತೀತು. ಅದರಲ್ಲಿ 1.8 ಹೋದರೆ ಉಳಿಯುವುದು ಅರ್ಧ. ಹದಿನೇಳು ನಿಮಿಷ ನಡೆಯಬೇಕಾದುದು ಎಂಟು ನಿಮಿಷಕ್ಕೆ ಇಳಿಯುತ್ತದೆ. ಹಳೆಯ ಬ್ಯಾಟರಿಯಾದರೆ ನಿಮಿಷವೂ ನಿಲ್ಲದು. ಈ ಅಂಕೆಗಳು ಸ್ಥೂಲವಾದುವು. ಆದರೆ ಖರ್ಚು ಜಮೆಗಿಂತ ಹೆಚ್ಚಾದಾಗ ಆಗುವುದೇನೆಂಬುದನ್ನು ತೋರಿಸಲು ಸಾಕು.

ಹಾನಿಯು ಇಷ್ಟಕ್ಕೇ ನಿಲ್ಲುವುದಿಲ್ಲ. ಸೀಸದ ಬ್ಯಾಟರಿಯು ಅರೆತುಂಬಿದ ಸ್ಥಿತಿಯಲ್ಲಿಯೇ ದಿನಗಳನ್ನು ಕಳೆದರೆ ಫಲಕಗಳ ಮೇಲೆ ಸೀಸದ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ, ಮತ್ತೆ ಗಂಧಕಾಮ್ಲದಲ್ಲಿ ಕರಗದೆ ಉಳಿಯುತ್ತವೆ. ಆಗ ತಾತ್ಕಾಲಿಕವಾದ ಕೊರತೆಯು ಶಾಶ್ವತವಾಗುತ್ತದೆ. ಹೊಸ ಬ್ಯಾಟರಿಯು ಕೆಲವೇ ತಿಂಗಳುಗಳಲ್ಲಿ ಹಳೆಯದರ ಹಾದಿಯನ್ನು ಹಿಡಿಯುವುದು ಹೀಗೆ.

4. ಪರೀಕ್ಷೆಯ ಕ್ರಮ

ಮೊದಲು ತಂತಿಯನ್ನು ಪರೀಕ್ಷಿಸಬೇಕು. ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸುವ ವೋಲ್ಟ್‌ಮೀಟರು ಇದಕ್ಕೆ ಸುರಕ್ಷಿತವಾದ ಸಾಧನ. ಎರಡು ದಿನಗಳ ಕಾಲ ಬೆಳಗ್ಗೆ, ಪಂಪುಗಳ ಹೊತ್ತು, ಸಂಜೆ, ರಾತ್ರಿ ಒತ್ತಡವನ್ನೂ, ಯು.ಪಿ.ಎಸ್. ಕೂಗಿದ ಸಲಗಳನ್ನೂ ವೇಳೆಯೊಡನೆ ಬರೆದಿಡಬೇಕು.

ಎರಡನೆಯದು ಹೊರೆಯ ಪರೀಕ್ಷೆ. ಲೇಸರ್ ಮುದ್ರಕವು ಕಾಯುವಾಗ ನೂರಾರು ವಾಟ್ ಎಳೆಯುವುದರಿಂದ ಅದನ್ನು ಯು.ಪಿ.ಎಸ್.ಗೆ ಎಂದಿಗೂ ಜೋಡಿಸಬಾರದು.

ಮೂರನೆಯದಾಗಿ ಬ್ಯಾಟರಿ. ಒತ್ತಡವು ಸ್ಥಿರವಾಗಿರುವ ರಾತ್ರಿಯಲ್ಲಿ ಎಂಟು ಹತ್ತು ಗಂಟೆ ತುಂಬಿಸಿ, ತುಂಬುತ್ತಿರುವಾಗಲೇ ಅದರ ತುದಿಗಳಲ್ಲಿ ಅಳೆದರೆ ಕೊನೆಯಲ್ಲಿ 13.5ರಿಂದ 13.8 ವೋಲ್ಟ್ ಇರಬೇಕು. ಬಹಳ ಕಡಮೆಯಿದ್ದರೆ ಅಥವಾ ಬಹಳ ಹೆಚ್ಚಿದ್ದರೆ ದೋಷವು ಚಾರ್ಜರಿನದು. ಬಳಿಕ ಬೇರ್ಪಡಿಸಿ ಕೆಲವು ಗಂಟೆ ಬಿಟ್ಟು ಅಳೆದಾಗ 12.7ರ ಆಸುಪಾಸು ಇರಬೇಕು. ಅನಂತರ ಗಣಕಯಂತ್ರದ ಬದಲು 60 ವಾಟಿನ ಹಳೆಯ ಮಾದರಿಯ ತಂತುದೀಪವನ್ನು ಯು.ಪಿ.ಎಸ್.ಗೆ ಜೋಡಿಸಿ, ಗೋಡೆಯ ಸ್ವಿಚ್ಚನ್ನು ಆರಿಸಿ, ದೀಪ ಎಷ್ಟು ಹೊತ್ತು ಉರಿಯುತ್ತದೆಂದು ನೋಡಬೇಕು. ಬ್ಯಾಟರಿಯ ಒತ್ತಡವು ಒಡನೆಯೇ 10.5ಕ್ಕಿಂತ ಕೆಳಗಿಳಿದರೆ ಅದರ ಆಯುಷ್ಯ ಮುಗಿದಿದೆ. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಯಾವ ಪರೀಕ್ಷೆಗೂ ಒಳಪಡಿಸದೆ ತೆಗೆದುಹಾಕಬೇಕು.

ದೀಪವು ಚೆನ್ನಾಗಿ ಉರಿದು, ಗಣಕಯಂತ್ರವು ಮಾತ್ರ ಆರಿದರೆ ದೋಷವು ಹೊರಳುವಿಕೆಯಲ್ಲಿ ಅಥವಾ ಇನ್ವರ್ಟರಿನ ತರಂಗರೂಪದಲ್ಲಿದೆ. ಅಗ್ಗದ ಇನ್ವರ್ಟರುಗಳ ಚೌಕಾಕಾರದ ತರಂಗವು ಕೆಲವು ಹೊಸ ವಿದ್ಯುತ್ ಪೆಟ್ಟಿಗೆಗಳಿಗೆ ಹೊಂದುವುದಿಲ್ಲ. ಅಲ್ಲಿ ಬ್ಯಾಟರಿಯನ್ನು ಬದಲಿಸಿ ಪ್ರಯೋಜನವಿಲ್ಲ.

5. ಪರಿಹಾರ

ದೋಷವು ತಂತಿಯದೆಂದು ಕಂಡುಬಂದರೆ, ಎರಡು ದಿನಗಳ ಆ ಪಟ್ಟಿಯೊಡನೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸ್ಥಳೀಯ ಕಚೇರಿಗೆ ಲಿಖಿತ ದೂರನ್ನು ಕೊಡಬೇಕು. 1912 ಎಂಬ ದೂರವಾಣಿ ಸಂಖ್ಯೆಯೂ ಉಂಟು. ಸಡಿಲವಾದ ಜೋಡಣೆಯನ್ನು ಸರಿಪಡಿಸುವುದು, ಮನೆಗಳ ಹೊರೆಯನ್ನು ಮೂರು ಫೇಸುಗಳಿಗೆ ಸಮನಾಗಿ ಹಂಚುವುದು ಅವರಿಂದ ಮಾತ್ರ ಆಗತಕ್ಕ ಕೆಲಸ. ಮನೆಯೊಳಗಿನ ತಂತಿ ಮತ್ತು ಭೂಸಂಪರ್ಕವನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಪರಿಶೀಲಿಸಬೇಕು. ಭೂಸಂಪರ್ಕವಿಲ್ಲದಿದ್ದರೆ ಗಣಕಯಂತ್ರದ ಲೋಹದ ಕವಚವನ್ನು ಮುಟ್ಟಿದಾಗ ಜುಮ್ಮೆನ್ನುವುದುಂಟು.

ತಂತಿಯು ಸುಧಾರಿಸುವವರೆಗೆ ಯು.ಪಿ.ಎಸ್.ನ ಹಿಂದೆ ಸಾಕಷ್ಟು ಸಾಮರ್ಥ್ಯದ ಸರ್ವೋ ಸ್ಟೆಬಿಲೈಸರನ್ನು ಇಡಬಹುದು. ರಿಲೇ ಮಾದರಿಯದು ಮೆಟ್ಟಿಲು ಬದಲಿಸುವ ಕ್ಷಣದ ಕಡಿತವನ್ನೇ ಯು.ಪಿ.ಎಸ್. ವಿದ್ಯುತ್ತು ಹೋದುದೆಂದು ಭಾವಿಸಬಹುದಾದ್ದರಿಂದ ಅದು ಅಷ್ಟು ಉಚಿತವಲ್ಲ. ಸೂಕ್ಷ್ಮತೆಯನ್ನು ತಗ್ಗಿಸುವ ಏರ್ಪಾಡು ಯು.ಪಿ.ಎಸ್.ನಲ್ಲಿದ್ದರೆ ಬಳಸಿಕೊಳ್ಳಬೇಕು. ಹೊಸದಾಗಿ ಕೊಳ್ಳುವವರಿಗೆ ಸ್ವಂತ ಬ್ಯಾಟರಿಯುಳ್ಳ ಲ್ಯಾಪ್‌ಟಾಪೇ ಈ ಸ್ಥಿತಿಯಲ್ಲಿ ಹೆಚ್ಚು ಅನುಕೂಲ. ಸೀಸದ ಬ್ಯಾಟರಿಗೆ 25 ಡಿಗ್ರಿ ಸೆಲ್ಸಿಯಸ್ ಹಿತವಾದ ಉಷ್ಣತೆ; ಅದಕ್ಕಿಂತ ಸುಮಾರು 10 ಡಿಗ್ರಿ ಹೆಚ್ಚಾದರೆ ಆಯುಷ್ಯವು ಅರ್ಧವಾಗುತ್ತದೆ. ಆದುದರಿಂದ ಯು.ಪಿ.ಎಸ್.ಅನ್ನು ತಗಡಿನ ಮಾಡಿನ ಕೆಳಗೆ ಅಥವಾ ಗಾಳಿಯಾಡದ ಮೂಲೆಯಲ್ಲಿ ಇಡಬಾರದು. ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ, 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಆಶಯದಂತೆ ಮಾರಾಟಗಾರನಿಗೆ ಮರಳಿಸಬೇಕು. ಸೀಸವು ಮಣ್ಣಿಗೂ ನೀರಿಗೂ ವಿಷ.

ಈ ವಿಷಯವು ಭೌತಶಾಸ್ತ್ರದ ತರಗತಿಗೂ ಸಲ್ಲತಕ್ಕದ್ದೆಂದು ನಾವು ಭಾವಿಸುತ್ತೇವೆ. ಓಮನ ನಿಯಮ, ಆಂತರಿಕ ಪ್ರತಿರೋಧ, ಮೋಟಾರಿನ ಆರಂಭದ ಪ್ರವಾಹ ಇವೆಲ್ಲವನ್ನೂ ವಿದ್ಯಾರ್ಥಿಯು ತನ್ನ ಮನೆಯ ಸಾಕೆಟ್ಟಿನ ಒಂದು ಪಟ್ಟಿಯಲ್ಲಿ ಕಾಣಬಹುದು. ಬೇರೆ ಬೇರೆ ಊರುಗಳಿಂದ ಬರುವ ವಿದ್ಯಾರ್ಥಿಗಳು ಇಂಥ ಪಟ್ಟಿಗಳನ್ನು ತಂದು ತರಗತಿಯಲ್ಲಿ ಹೋಲಿಸಿದರೆ ಯಾವ ಊರಿನ ತಂತಿಯು ಯಾವ ಹೊತ್ತಿನಲ್ಲಿ ಬಳಲುತ್ತದೆಂಬುದು ತಾನಾಗಿಯೇ ತಿಳಿದುಬರುವುದು. ಹೊಸ ಬ್ಯಾಟರಿಗೆ ಹಣ ತೆರುವ ಮುನ್ನ ಎರಡು ದಿನ ಅಳೆದು ನೋಡುವ ಅಭ್ಯಾಸವು ಬೆಳೆದರೆ ಅನೇಕ ಮನೆಗಳಲ್ಲಿ ಆ ವೆಚ್ಚವು ಉಳಿದೀತು.