ಗೋರಾಯಿಯ ದೋಣಿ

ಬೇಸಿಗೆಯ ರಜೆ ಎಂದರೆ ಅಜ್ಜಿಯ ಊರು, ಮಾವಿನ ತೋಪು, ಜಾತ್ರೆಯ ತೇರು, ಇಷ್ಟೇ ಆಗಿದ್ದ ಕಾಲವನ್ನು ನಾವು ಕಂಡವರು. ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ಮಕ್ಕಳ ರಜೆಯ ಮಾತಿಗೆ ಹೊಸದೊಂದು ಹೆಸರು ಸೇರಿಕೊಂಡಿತು. ದೂರದರ್ಶನದ ಜಾಹೀರಾತಿನಿಂದ ಮಕ್ಕಳ ಬಾಯಿಗೆ ಹತ್ತಿದ ಆ ಹೆಸರು ಎಸ್ಸೆಲ್ ವರ್ಲ್ಡ್. ಮುಂಬಯಿಯ ವಾಯವ್ಯದ ಗೋರಾಯಿಯಲ್ಲಿ 1989ರಲ್ಲಿ ತೆರೆದ ವಿನೋದ ಉದ್ಯಾನವದು. ಉತ್ತರದಲ್ಲಿ ಭಾಯಂದರದ ಕಡೆಯಿಂದ ಅಲ್ಲಿಗೆ ರಸ್ತೆಯುಂಟು. ಆದರೆ ನಗರಕ್ಕೂ ಗೋರಾಯಿಗೂ ನಡುವೆ ಮನೋರಿ ಖಾಡಿಯ ಉಪ್ಪುನೀರು ಹಬ್ಬಿರುವುದರಿಂದ, ಬೊರಿವಲಿಯ ಇಲ್ಲವೆ ಮಾರ್ವೆಯ ದಂಡೆಯಿಂದ ದೋಣಿಯಲ್ಲಿ ದಾಟುವುದೇ ಎಲ್ಲರ ರೂಢಿಯಾಗಿತ್ತು. ಹೀಗಾಗಿ ಮಕ್ಕಳ ಲೆಕ್ಕದಲ್ಲಿ ಅದೊಂದು ನಡುಗಡ್ಡೆ.

ಹುಬ್ಬಳ್ಳಿಗೂ ಮುಂಬಯಿಗೂ ಏನು ನಂಟೆಂದು ಇಂದಿನ ತರುಣರು ಕೇಳಬಹುದು. 1956ರ ನವೆಂಬರಿನವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದ್ದೇ ಆಗಿತ್ತು. ಕಚೇರಿ, ಗಿರಣಿ, ವ್ಯಾಪಾರ ಎಂದು ಆ ಕಡೆ ಹೋಗಿ ನೆಲೆಸಿದ ನಮ್ಮ ಸಮಾಜದ ಮನೆತನಗಳು ಅನೇಕ. ಮೀರಜಿನಲ್ಲಿ ಗಾಡಿ ಬದಲಿಸಿ, ಬುತ್ತಿಯ ಗಂಟು ಹೊತ್ತು ಹೋಗಿ ಬಂದ ನೆನಪು ಹಿರಿಯರಿಗೆ ಇದ್ದೇ ಇರುತ್ತದೆ. ನಮ್ಮ ಅಕ್ಕನೂ ಮದುವೆಯಾಗಿ ಅಲ್ಲಿಗೇ ಹೋದವಳು. ಮಾವನವರು ಬಟ್ಟೆ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಹೋಯಿತು. ಆಮೇಲೆ ಅಂಗಡಿಗಳ ಲೆಕ್ಕ ಬರೆದು ಸಂಸಾರ ಸಾಗಿಸಿದರು. ಬೊರಿವಲಿಯಲ್ಲಿ ಎರಡು ಖೋಲಿಯ ಮನೆ. ಅವರಿಗೆ ಮಕ್ಕಳಿರಲಿಲ್ಲ.

1993ರಲ್ಲಿ ನಮಗೂ ನಮ್ಮ ಅಣ್ಣನಿಗೂ ಆಸ್ತಿಯ ಹಿಸೆಯಾಯಿತು. ಬೆಣ್ಣಿಹಳ್ಳದ ದಂಡೆಯಲ್ಲಿ ನಮ್ಮ ಎರೆಹೊಲ. ಮಳೆಗಾಲದಲ್ಲಿ ಹಳ್ಳ ಉಕ್ಕಿ ದಂಡೆಯನ್ನು ಕೊರೆಯುತ್ತದೆ. ಹಾಗೆ ಕೊರೆದು ಉಳಿದ ಒಂದು ಪಟ್ಟಿ ಯಾರ ಪಾಲಿನದೆಂಬ ಮಾತು ಬೆಳೆಯಿತು. ಮಠದಲ್ಲಿ ಶಾಸ್ತ್ರ ಓದಿ, ನಾಲ್ಕು ಜನರಿಗೆ ಕಾಯಕ ದಾಸೋಹಗಳ ಅರ್ಥ ಹೇಳುತ್ತಿದ್ದ ನಾವು, ಬೆಳೆ ಬಾರದ ಆ ಪಟ್ಟಿಗಾಗಿ ಒಡಹುಟ್ಟಿದವನೊಡನೆ ನಾಲ್ಕು ವರ್ಷ ಮಾತು ಬಿಟ್ಟೆವು. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ. ಅಕ್ಕ ತನ್ನ ಹಕ್ಕನ್ನು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿ ಕಳಿಸಿದಳು. ಅದರ ಜೊತೆಗೆ ನಮಗೊಂದು ಕಾರ್ಡು ಬಂತು: "ತಮ್ಮಾ, ಹೊಲ ನೀವು ಹಂಚಿಕೊಂಡಿರಿ. ಹುಡುಗರ ಹೆಸರು ಆ ಕಾಗದದಾಗ ಇಲ್ಲ. ಸೂಟಿಗೆ ಅವರನ ನನ್ನ ಕಡೆ ಕಳಿಸು." ಅಣ್ಣನಿಗೂ ಇಂಥದೇ ಕಾರ್ಡು ಹೋಗಿತ್ತೆಂಬುದು ಆಮೇಲೆ ತಿಳಿಯಿತು.

ಅಂದಿನಿಂದ ಪ್ರತಿ ಮೇ ತಿಂಗಳು ನಮ್ಮ ಇಬ್ಬರು, ಅಣ್ಣನ ಮೂವರು, ಹೀಗೆ ಐದು ಮಕ್ಕಳು ಒಂದೇ ರಾತ್ರಿ ಬಸ್ಸಿನಲ್ಲಿ ಪರಿಚಿತರೊಬ್ಬರ ಜೊತೆಗೆ ಹೊರಡುತ್ತಿದ್ದರು. ಬಸ್ಸಿನ ಈ ಬದಿಗೆ ನಾವು, ಆ ಬದಿಗೆ ಅಣ್ಣ. ಮಕ್ಕಳು ಮಾತ್ರ ಒಳಗೆ ಒಂದೇ ಬಾಕಿನ ಮೇಲೆ ಕಿಟಕಿಗಾಗಿ ಜಗಳಾಡುತ್ತಿದ್ದರು. ತಿರುಗಿ ಬಂದಾಗ ನಾವು ಕೇಳುತ್ತಿದ್ದುದು ಖರ್ಚಿನ ವಿಚಾರ. ವಿನೋದ ಉದ್ಯಾನಗಳು ದುಂದುವೆಚ್ಚವೆಂದು ನಾವೊಮ್ಮೆ ಲೇಖನವನ್ನೂ ಬರೆದಿದ್ದುಂಟು. ಅಕ್ಕ ವರ್ಷವಿಡೀ ಹಪ್ಪಳ ಸಂಡಿಗೆ ಮಾಡಿ ಮಾರಿದ ಹಣವನ್ನು ಆ ಒಂದು ದಿನಕ್ಕಾಗಿ ಕೂಡಿಡುತ್ತಿದ್ದಳೆಂದು ಗೊತ್ತಿದ್ದರೆ ಹಾಗೆ ಬರೆಯುತ್ತಿರಲಿಲ್ಲವೇನೋ.

1997ರಲ್ಲಿ ಅಕ್ಕ "ಈ ಸಲ ನೀನs ಬಂದು ಹುಡುಗರನ ಕರಕೊಂಡು ಹೋಗು" ಎಂದು ಬರೆದಳು. ಹೋದೆವು. ಬೆಳಗಿನಲ್ಲಿ ಬಾಗಿಲು ತೆರೆದವನು ಅಣ್ಣ! ಅವನಿಗೂ ಅದೇ ಮಾತು ಬರೆದಿದ್ದಳು. ಅಕ್ಕ ನಾಲ್ಕಕ್ಕೇ ಎದ್ದು ರೊಟ್ಟಿ ಬಡಿದಿದ್ದಳು. ಎಲ್ಲರ ಲಿಂಗಪೂಜೆ ಮುಗಿದ ಮೇಲೆ ಶೇಂಗಾ ಹಿಂಡಿ, ಮೊಸರು, ರೊಟ್ಟಿ ಬಡಿಸಿ, ಮರುಮಾತಿಗೆ ಎಡೆಗೊಡದೆ ಎಲ್ಲರನ್ನೂ ಖಾಡಿಯ ದಂಡೆಗೆ ಹೊರಡಿಸಿದಳು.

ದೋಣಿ ಎಂದರೆ ಅಂಬಿಗನ ಹುಟ್ಟಿನ ದೋಣಿಯಲ್ಲ. ಡೀಸೆಲ್ ಇಂಜಿನ್ನಿನ, ಎರಡೂ ಬದಿಗೆ ಹಲಗೆ ಹೊಡೆದ ಅಗಲವಾದ ದೋಣಿ. ಪಕ್ಕದಲ್ಲಿ ಹೊರಡುವ ಊರ ದೋಣಿಯಲ್ಲಿ ಮೀನುಗಾರ ಹೆಂಗಸರ ಬುಟ್ಟಿಗಳ ಜೊತೆಗೆ ಸ್ಕೂಟರುಗಳೂ ಏರುತ್ತಿದ್ದವು. ಸಮುದ್ರದ ಇಳಿತದ ಹೊತ್ತಾದ್ದರಿಂದ ದಂಡೆಯುದ್ದಕ್ಕೂ ಕರಿಯ ಕೆಸರು ತೆರೆದಿತ್ತು. ಅದರಲ್ಲಿ ಕಾಂಡ್ಲಾ ಗಿಡಗಳ ಬೇರುಗಳು ನೆಲದಿಂದ ಮೇಲಕ್ಕೆ ಮೊಳೆಗಳಂತೆ ಚಾಚಿದ್ದವು. ಉಪ್ಪುಕೆಸರಿನಲ್ಲಿ ಗಾಳಿ ಸಿಗದೆ ಆ ಗಿಡ ಬೇರನ್ನು ಹೊರಗೆ ಚಾಚಿ ಉಸಿರಾಡುತ್ತದೆಂದು ನಾವು ಮಕ್ಕಳಿಗೆ ವಿವರಿಸತೊಡಗಿದೆವು. ಅವರಿಗೆ ಅದೆಲ್ಲ ಮೊದಲೇ ಗೊತ್ತಿತ್ತು. ನಾಲ್ಕು ಬೇಸಿಗೆಯಿಂದ ಬರುತ್ತಿದ್ದವರು!

ನಾವು ಒಂದು ಹಲಗೆಯ ಮೇಲೆ, ಅಣ್ಣ ಎದುರಿನ ಹಲಗೆಯ ಮೇಲೆ. ಮನೆಯಲ್ಲಾದರೆ ಎದ್ದು ಹೋಗಬಹುದು, ಬೀದಿಯಲ್ಲಾದರೆ ಓಣಿ ಬದಲಿಸಬಹುದು. ದೋಣಿಯಲ್ಲಿ ಎಲ್ಲಿಗೆಂದು ಏಳುವುದು? ಹತ್ತು ಹದಿನೈದು ನಿಮಿಷ ನಾವಿಬ್ಬರೂ ನೀರನ್ನೇ ನೋಡಿದೆವು. ಹುಬ್ಬಳ್ಳಿಯ ಮಕ್ಕಳು ಮಾತ್ರ ಬಗ್ಗಿ ಬಗ್ಗಿ ಕೈ ಚಾಚುತ್ತಿದ್ದರು. ಮನೆಯಲ್ಲಿ ಒಂದು ಕೊಡ ಚೆಲ್ಲಿದರೆ ಬೈಸಿಕೊಳ್ಳುವ ಮಕ್ಕಳವು. ಯಾರದೂ ಅಲ್ಲದ ಅಷ್ಟೊಂದು ನೀರನ್ನು ಕಂಡು ಅವಕ್ಕೆ ಹುಚ್ಚೇ ಹಿಡಿದಂತಾಗಿತ್ತು.

ಉದ್ಯಾನದ ಯಂತ್ರಗಳ ವಿಚಾರದಲ್ಲಿ ನಾವು ಹೇಳಬೇಕಾದುದು ಹೆಚ್ಚಿಲ್ಲ. ಮೇಲೆ ಒಯ್ಯುತ್ತವೆ, ಕೆಳಗೆ ಕೆಡವುತ್ತವೆ, ತಿರುಗಿಸುತ್ತವೆ. ಮಕ್ಕಳು ಕೂಗುತ್ತಾರೆ, ಇಳಿದು ಮತ್ತೆ ಸರದಿಗೆ ನಿಲ್ಲುತ್ತಾರೆ. ಪಕ್ಕದ ನೀರಾಟದ ಉದ್ಯಾನ ಅಂದು ಇನ್ನೂ ಆಗಿರಲಿಲ್ಲ, ಅದು ತೆರೆದುದು 1998ರಲ್ಲಿ. ನಾವೂ ಅಣ್ಣನೂ ಒಂದೇ ಮರದ ನೆರಳಿನಲ್ಲಿ ಮಕ್ಕಳ ಚಪ್ಪಲಿ, ಚೀಲಗಳನ್ನು ಕಾಯುತ್ತ ಕುಳಿತೆವು. ಯಾರ ಚಪ್ಪಲಿ ಯಾರ ಮಕ್ಕಳದೆಂದು ನಮಗಿಬ್ಬರಿಗೂ ಗುರುತು ಹತ್ತಲಿಲ್ಲ.

ಸಂಜೆ ತಿರುಗಿ ಬರುವಾಗ ಖಾಡಿ ತುಂಬಿತ್ತು. ಬೆಳಗಿನ ಕೆಸರು, ಬೇರು ಎಲ್ಲವೂ ನೀರಿನಡಿ. ಅರ್ಧ ದಾರಿಯಲ್ಲಿ ಅಣ್ಣ ನಮ್ಮ ಕಡೆ ನೋಡದೆಯೇ ಕೇಳಿದ: "ತಮ್ಮಾ, ನಿಮ್ಮ ಓಣ್ಯಾಗ ನಳಾ ಎಷ್ಟ ದಿನಕ್ಕೊಮ್ಮೆ ಬಿಡತಾರ?"

"ಹತ್ತ ದಿನ ಆತಣ್ಣಾ, ಇನ್ನೂ ಬಂದಿಲ್ಲ."

"ನಮ್ಮಲ್ಲೆ ಎಂಟಕ್ಕ ಬರ್ತದ. ಬೇಕಾದ್ರ ಟಾಕಿ ತುಂಬಿಸಿಕೊಂಡು ಹೋಗು."

ದಂಡೆ ಮುಟ್ಟುವವರೆಗೆ ಮಾತಾಡಿದ್ದು ನಳ, ಟಾಕಿ, ಕೊಡಗಳ ವಿಚಾರವನ್ನೇ. ಹಳ್ಳದ ಪಟ್ಟಿಯ ಮಾತು ಅಂದು ಬರಲಿಲ್ಲ. ಅದು ಇತ್ಯರ್ಥವಾಗಲು ಇನ್ನೂ ಹಲವು ವರ್ಷ ಹಿಡಿಯಿತು, ಕಹಿಯೂ ಪೂರ್ತಿ ಹೋಯಿತೆನ್ನಲಾರೆವು. ಆದರೆ ಆ ಬೇಸಿಗೆ ನಮ್ಮ ಮನೆಗೆ ಅಣ್ಣನ ಮನೆಯ ನೀರು ಬಂತು.

2009ರಲ್ಲಿ ಗೋರಾಯಿಯಲ್ಲಿ ವಿಪಶ್ಯನ ಪಗೋಡ ಲೋಕಾರ್ಪಣೆಯಾಯಿತು. ಒಳಗೆ ಒಂದೂ ಕಂಬವಿಲ್ಲದ ಭಾರಿ ಗುಮ್ಮಟ. ಖಾಡಿಯ ಈಚೆಯಿಂದಲೇ ಅದರ ಬಂಗಾರದ ಬಣ್ಣ ಕಾಣುತ್ತದೆ. ಮರುವರ್ಷ ಅಕ್ಕನನ್ನು ನೋಡಲು ಹೋದಾಗ ದಂಡೆಯವರೆಗೆ ನಡೆಸಿಕೊಂಡು ಹೋಗಿ ತೋರಿಸಿದಳು. ದೋಣಿ ಹತ್ತೋಣವೆಂದರೆ ಒಲ್ಲೆನೆಂದಳು. ಮಂಡಿನೋವಿರಬೇಕೆಂದು ನಾವು ಒತ್ತಾಯಿಸಲಿಲ್ಲ. 2011ರಲ್ಲಿ ಅಕ್ಕ ಲಿಂಗೈಕ್ಯಳಾದಳು. 2022ರಲ್ಲಿ ಎಸ್ಸೆಲ್ ವರ್ಲ್ಡ್ ಬಾಗಿಲು ಹಾಕಿತು.

ಕಳೆದ ಬೇಸಿಗೆಯಲ್ಲಿ ಮದುವೆಯೊಂದರ ನಿಮಿತ್ತ ಆ ಐವರೂ ಹುಬ್ಬಳ್ಳಿಯಲ್ಲಿ ಸೇರಿದ್ದರು. ಈಗ ಅವರೇ ಮಕ್ಕಳೊಂದಿಗರು. ಒಂದು ಸಂಜೆ ಎಲ್ಲರೂ ಉಣಕಲ್ಲ ಕೆರೆಯ ದಂಡೆಯಲ್ಲಿ ಕುಳಿತಿದ್ದೆವು. ನಡುಗಡ್ಡೆಯ ಮೇಲಿನ ವಿವೇಕಾನಂದರ ಮೂರ್ತಿಯನ್ನು ತೋರಿಸಿ, ಅಲ್ಲಿಗೆ ಯಾವಾಗ ಹೋಗುವುದೆಂದು ಮೊಮ್ಮಕ್ಕಳು ಕಾಡುತ್ತಿದ್ದವು. ಹಿರಿಯರ ಮಾತು ಗೋರಾಯಿಗೆ ಹೊರಳಿತು. ಯಾವ ಯಂತ್ರ ಎಲ್ಲಿತ್ತು, ಅದರ ಹೆಸರೇನೆಂಬುದರಲ್ಲಿ ಒಬ್ಬರ ಮಾತಿಗೆ ಒಬ್ಬರದು ಕೂಡಲಿಲ್ಲ. ದೋಣಿಯ ವಿಚಾರ ಬಂದಾಗ ಮಾತ್ರ ಐವರದೂ ಒಂದೇ ನೆನಪು: ದೋಣಿ ಬಿಡುತ್ತಲೇ ಅತ್ತಿ ಕಣ್ಣು ಮುಚ್ಚಿಕೊಂಡು, ಪಕ್ಕದಲ್ಲಿದ್ದವರ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಯಾರ ಅಂಗಿ ಹಿಡಿಯುತ್ತಾಳೆಂದು ಇವರು ಪಂದ್ಯ ಕಟ್ಟುತ್ತಿದ್ದರಂತೆ.

1997ರಲ್ಲಿ ನಾವೂ ಅದೇ ದೋಣಿಯಲ್ಲಿದ್ದೆವು, ನಮ್ಮ ಕಣ್ಣಿಗೆ ಅದು ಬೀಳಲಿಲ್ಲ. ಅಣ್ಣನ ಮುಖ ನೋಡಿದೆವು. ಒಂಬತ್ತನೆಯ ವಯಸ್ಸಿಗೇ ಮಠ ಸೇರಿದ ನಮಗೆ ಮನೆಯ ಎಷ್ಟೋ ಸಂಗತಿಗಳು ತಿಳಿದಿಲ್ಲವೆಂದು ಅವನಿಗೆ ಗೊತ್ತು.

"ಆಕಿ ಸಣ್ಣಾಕಿ ಇದ್ದಾಗ ಬೆಣ್ಣಿಹಳ್ಳದಾಗ ತೇಲಿ ಹೊಂಟಿದ್ಲು," ಅಂದ ಅಣ್ಣ. "ಅಪ್ಪ ಜಡಿ ಹಿಡದು ಎಳದಿದ್ದ. ಅವತ್ತಿನಿಂದ ಮೊಣಕಾಲ ಮಟ ನೀರಿಗೂ ಇಳೀತಿದ್ದಿಲ್ಲ."