ಮೊಗ್ಗಿನ ಹೊದಿಕೆಯೇ ಹೂವಾಗುವ ಮರ

ಜಡೆಗೆ ಮುಡಿಯುವ ಕೇದಿಗೆಯ ಗರಿ ಹೂವಿನ ಎಸಳಲ್ಲ. ಹೂಗೊಂಚಲನ್ನು ಸುತ್ತಿಕೊಂಡ ಎಲೆ. ಬಾಳೆಹೂವಿನ ಕೆನ್ನೇರಳೆ ಹೊದಿಕೆಯೂ ಅಂಥದ್ದೇ. ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಇದೇ ಉಪಾಯವನ್ನು ಇನ್ನೂ ಸೊಗಸಾಗಿ ಮಾಡುವ ಪುಟ್ಟ ಮರವೊಂದಿದೆ. ಜನಬಳಕೆಯ ಹೆಸರು ಡಾಗ್‌ವುಡ್, ಸಸ್ಯಶಾಸ್ತ್ರದ ಹೆಸರು ಕಾರ್ನಸ್ ಫ್ಲಾರಿಡಾ. ವರ್ಜೀನಿಯಾ ಮತ್ತು ಉತ್ತರ ಕೆರೊಲಿನಾ ಎರಡೂ ಇದನ್ನು ತಮ್ಮ ರಾಜ್ಯಪುಷ್ಪವೆಂದು ಆರಿಸಿಕೊಂಡಿವೆ. ಆ ಕಡೆ ಮನೆ ಮಾಡಿಕೊಂಡ ಕನ್ನಡಿಗರಿಗೆ ಏಪ್ರಿಲ್ ಬಂತೆಂದರೆ ಬೀದಿಬೀದಿಯಲ್ಲೂ ಕಾಣುವ ಮರ.

ನಾಲ್ಕು ಬಿಳಿ ‘ಎಸಳು’ಗಳ ನಡುವೆ ಕಣ್ಣಿಟ್ಟು ನೋಡಿ. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಳದಿ-ಹಸಿರು ಹೂಗಳು ಒತ್ತೊತ್ತಾಗಿ ಕೂತಿರುತ್ತವೆ, ಒಂದೊಂದೂ ಸಾಸಿವೆಗಿಂತ ಸ್ವಲ್ಪ ದೊಡ್ಡದು. ನಿಜವಾದ ಹೂಗಳು ಅವೇ. ಸುತ್ತಲಿನ ಬಿಳುಪು ದುಂಬಿ, ಜೇನುಗಳನ್ನು ಕರೆಯಲು ಹಾಸಿದ ಎಲೆಗಳು. ಆ ಎಲೆಗಳ ಹುಟ್ಟು ಇನ್ನೂ ಸ್ವಾರಸ್ಯದ್ದು. ಹಿಂದಿನ ಬೇಸಿಗೆಯಲ್ಲೇ ಮರ ಮುಂದಿನ ವರ್ಷದ ಮೊಗ್ಗು ಕಟ್ಟಿರುತ್ತದೆ. ಎಲೆ ಉದುರಿದ ಮೇಲೆ ಕಡ್ಡಿಯ ತುದಿಯಲ್ಲಿ ಅಂಗಿ ಗುಂಡಿಯಂತೆ ಕಾಣುವ ಬೂದುಬಣ್ಣದ ಉಂಡೆ ಅದು. ನಾಲ್ಕು ಗಟ್ಟಿ ಹೊದಿಕೆಗಳು ಹಿಮಗಾಳಿಯಿಂದ ಒಳಗಿನ ಹೂಗಳನ್ನು ಕಾಯುತ್ತವೆ. ಬೇರೆ ಮರಗಳಾದರೆ ವಸಂತದಲ್ಲಿ ಮೊಗ್ಗಿನ ಹೊದಿಕೆಯನ್ನು ಉದುರಿಸಿಬಿಡುತ್ತವೆ. ಡಾಗ್‌ವುಡ್ ಅದನ್ನೇ ಬುಡದಿಂದ ಬೆಳೆಸಿ, ಹಿಗ್ಗಿಸಿ, ಬಿಳಿ ಮಾಡುತ್ತದೆ. ಬೆಳವಣಿಗೆ ಬುಡದಲ್ಲಿ ಆಗುವುದರಿಂದ ಚಳಿಗೆ ಒಡ್ಡಿಕೊಂಡಿದ್ದ ಹಳೆಯ ತುದಿ ಹಾಗೆಯೇ ಉಳಿಯುತ್ತದೆ. ಪ್ರತಿ ಬಿಳಿ ಎಲೆಯ ಅಂಚಿನಲ್ಲಿ ಕಾಣುವ ಕಂದು ಕಚ್ಚು ಅದರದೇ ಗುರುತು.

ತೋಟಗಾರಿಕೆಯ ಎರಡು ಮಾತು ಇಲ್ಲಿಂದಲೇ ಹೊರಡುತ್ತವೆ. ಚಳಿಗಾಲದಲ್ಲಿ ಕತ್ತರಿ ಹಿಡಿದರೆ ನೀವು ಕತ್ತರಿಸುವುದು ಬರಲಿರುವ ಹೂವನ್ನೇ. ರೆಂಬೆ ಸವರುವುದಿದ್ದರೆ ಹೂ ಮುಗಿದ ಕೂಡಲೇ ಸವರಬೇಕು. ಇನ್ನು, ಜುಲೈ ಆಗಸ್ಟ್‌ನಲ್ಲಿ ಮರ ಬಾಯಾರಿದರೆ ಅದರ ನಷ್ಟ ಮುಂದಿನ ಏಪ್ರಿಲ್‌ನಲ್ಲಿ ಕಾಣುತ್ತದೆ.

ಹೆಚ್ಚಿನ ಡಾಗ್‌ವುಡ್‌ಗಳು ಸೊರಗುವುದು ನಟ್ಟ ಜಾಗ ತಪ್ಪಿದ್ದರಿಂದ. ಇದು ಓಕ್ ಮರಗಳ ಕೆಳಗೆ, ಚುಕ್ಕಿಬಿಸಿಲಲ್ಲಿ, ಕೊಳೆತ ದರಗಿನ ಮೇಲೆ ಬೆಳೆದ ಜೀವ. ಎತ್ತರ 15ರಿಂದ 30 ಅಡಿ, ಬೇರು ಮೇಲುಮೇಲೆ. ಅದನ್ನು ತಂದು ಸುಡುಬಿಸಿಲಿನ ಹುಲ್ಲುಹಾಸಿನ ನಟ್ಟನಡುವೆ ನಿಲ್ಲಿಸಿದರೆ ಎಲೆಯಂಚು ಸುಟ್ಟು ಮುರುಟುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಕಾಂಡಕ್ಕೆ ತಗುಲಿದ ಗಾಯದಿಂದ ಕಾಂಡಕೊರಕ ಒಳನುಗ್ಗುತ್ತದೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಮೂಲೆ ಹುಡುಕಿ. ಮಣ್ಣು ಸ್ವಲ್ಪ ಹುಳಿಯಿರಲಿ, ನೀರು ನಿಲ್ಲದಿರಲಿ. ಗುಂಡಿ ಅಗಲವಿರಲಿ, ಆಳ ಬೇಡ. ಆಳಕ್ಕೆ ನಟ್ಟ ಸಸಿಗೆ ಉಸಿರು ಕಟ್ಟುತ್ತದೆ. ಅಡಿಕೆಮರದ ಬುಡಕ್ಕೆ ಸೊಪ್ಪು ಹಾಸುವಂತೆ ಎರಡು-ಮೂರು ಇಂಚು ಮುಚ್ಚಿಗೆ ಹಾಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ.

ಉದುರಿದ ಎಲೆಗಳನ್ನು ದಯವಿಟ್ಟು ಗುಡಿಸಿ ಚೀಲಕ್ಕೆ ತುಂಬಬೇಡಿ. ಈ ಮರ ಮಣ್ಣಿನಿಂದ ಕ್ಯಾಲ್ಸಿಯಂ ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಉದುರಿದ ಎಲೆ ಓಕ್ ಎಲೆಗಿಂತ ಬಹುಬೇಗ ಕೊಳೆಯುವುದರಿಂದ ಆ ಕ್ಯಾಲ್ಸಿಯಂ ಮೇಲ್ಮಣ್ಣಿಗೆ ಮರಳುತ್ತದೆ. ಶಂಖದಹುಳುವಿನ ಚಿಪ್ಪಿಗೂ ಅದೇ ಬೇಕು. ಮರವೇ ತನ್ನ ಬುಡಕ್ಕೆ ಗೊಬ್ಬರ ಹಾಕಿಕೊಳ್ಳುತ್ತಿರುವಾಗ ಅದನ್ನು ಕಸದ ಗಾಡಿಗೆ ಹಾಕುವುದು ನನಗಂತೂ ಸಂಕಟದ ವಿಷಯ.

1970ರ ದಶಕದ ಕೊನೆಯಲ್ಲಿ ಈ ಮರಕ್ಕೊಂದು ಮಾರಿ ಬಡಿಯಿತು: ಡಿಸ್ಕ್ಯುಲಾ ಡಿಸ್ಟ್ರಕ್ಟಿವಾ ಎಂಬ ಶಿಲೀಂಧ್ರ. ತಂಪು, ತೇವ, ಗಾಳಿಯಾಡದ ನೆರಳಿನಲ್ಲಿ ಅದು ಎಲೆಯಿಂದ ರೆಂಬೆಗೆ, ರೆಂಬೆಯಿಂದ ಕಾಂಡಕ್ಕೆ ಇಳಿಯುತ್ತದೆ. ಮೇರಿಲ್ಯಾಂಡಿನ ಕಟಾಕ್ಟಿನ್ ಬೆಟ್ಟದ ಉದ್ಯಾನದಲ್ಲಿ ಡಾಗ್‌ವುಡ್‌ಗಳು ಸಾಲುಸಾಲಾಗಿ ಸತ್ತವು. ಸಾವಿನ ನಡುವೆ ನಿಂತೇ ಉಳಿದ ಮರವೊಂದರಿಂದ ಟೆನೆಸಿ ವಿಶ್ವವಿದ್ಯಾಲಯದವರು ‘ಅಪಲೇಚಿಯನ್ ಸ್ಪ್ರಿಂಗ್’ ಎಂಬ ತಳಿಯನ್ನು ಬೆಳೆಸಿದರು. ರಟ್ಗರ್ಸ್ ವಿಶ್ವವಿದ್ಯಾಲಯದ ಎಲ್ವಿನ್ ಆರ್ಟನ್ ಏಷ್ಯಾದ ಸೋದರ ಕಾರ್ನಸ್ ಕೌಸಾದೊಂದಿಗೆ ಬೆರೆಸಿ ಗಟ್ಟಿಮುಟ್ಟಾದ ಮಿಶ್ರತಳಿಗಳನ್ನು ಕೊಟ್ಟರು. ಹೊಸದಾಗಿ ನಡುವವರು ಇಂಥ ತಳಿಯನ್ನೇ ಕೇಳಿ ಪಡೆಯುವುದು ಒಳ್ಳೆಯದು. ನೀರನ್ನು ಬುಡಕ್ಕೆ ಬಿಡಿ, ಎಲೆ ತೋಯಿಸಬೇಡಿ.

ಈ ಮರದ ಕಟ್ಟಿಗೆ ಎಷ್ಟು ಗಟ್ಟಿಯೆಂದರೆ ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಲಾಳಿ ಇದರದೇ. ಉಜ್ಜಿದಷ್ಟೂ ನುಣುಪಾಗುವ ಇದು ನೂಲನ್ನು ಕಡಿಯುತ್ತಿರಲಿಲ್ಲ. ಇಂಥ ಮರವನ್ನು ನಮ್ಮೂರಿಗೂ ತಂದು ನಡೋಣವೆಂದರೆ, ನಮ್ಮ ಬೆಂಗಳೂರಿನ ಚಳಿ ಇದಕ್ಕೆ ಸಾಲದು. ಅದಕ್ಕೆ ನಿಜವಾದ ಶಿಶಿರನಿದ್ದೆ ಬೇಕು. ಬೀಜಕ್ಕೂ ಅಷ್ಟೇ. ಶರತ್ಕಾಲದ ಕೆಂಪು ಹಣ್ಣು ನಮ್ಮ ನಾಲಿಗೆಗೆ ಕಹಿ, ದಕ್ಷಿಣಕ್ಕೆ ವಲಸೆ ಹೊರಟ ಹಕ್ಕಿಗಳಿಗೆ ಕೊಬ್ಬು ತುಂಬಿದ ಬುತ್ತಿ. ಅವು ಬಿಟ್ಟುಹೋದ ಒಂದಷ್ಟನ್ನು ಆರಿಸಿ, ತಿರುಳು ತಿಕ್ಕಿ ತೆಗೆದು, ಒದ್ದೆ ಮರಳಿನಲ್ಲಿಟ್ಟು ಮೂರು-ನಾಲ್ಕು ತಿಂಗಳು ಫ್ರಿಜ್ಜಿನಲ್ಲಿಡಿ. ವಸಂತದಲ್ಲಿ ಮೊಳಕೆ ಬರುತ್ತದೆ. ಅದರ ಕಡ್ಡಿಯ ತುದಿಯಲ್ಲಿ ಮೊದಲ ಬೂದು ಗುಂಡಿ ಕಾಣಿಸಲು ಇನ್ನೂ ಹಲವು ಚಳಿಗಾಲ ಕಾಯಬೇಕು.